ಇಂಗ್ಲೆಂಡಿಗೆ ಹೊಸದಾಗಿ ಬಂದ ತಂಗಿಗೆ, ಆ ಟೆಸ್ಟ್ ಬಗ್ಗೆ

ನೀನು ಕೇಳಿರೋದ್ರಲ್ಲಿ ಬಾಡಿಗೆ, ಪಾರ್ಟ್‌ಟೈಮ್ ಕೆಲಸ, ಬ್ಯಾಂಕ್ ಅಕೌಂಟ್ ಇದಕ್ಕೆಲ್ಲ ಇಲ್ಲಿ ಯಾರನ್ನ ಕೇಳಿದ್ರೂ ಉತ್ರ ಸಿಗುತ್ತೆ ಕಣೇ. ಕೊನೇಲಿ ಎರಡು ಸಾಲು ಬರೆದು 'ಬೇಜಾರಾದ್ರೆ ಬಿಟ್ಬಿಡಿ ಅಕ್ಕ' ಅಂದಿದ್ಯಲ್ಲ, ನಾನು ಅದಕ್ಕೇ ಉತ್ರ ಬರೀತಿದೀನಿ. ಪರಿಚಯ ಆಗಿರೋ ಹುಡುಗ 'ಮುಂದೆ ಹೋಗೋ ಮುಂಚೆ ಇಬ್ಬರೂ ಒಂದ್ಸಲ ಸೆಕ್ಸ್‌ನಿಂದ ಹರಡೋ ಸೋಂಕುಗಳ ಟೆಸ್ಟ್ ಮಾಡಿಸ್ಕೊಳ್ಳೋಣ' ಅಂದ, ನನ್ನ ಬಗ್ಗೆ ಏನು ತಿಳ್ಕೊಂಡಿದ್ದಾನೆ ಅಂತ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ, ಅದೂ ಅಲ್ದೆ ಟೆಸ್ಟ್ ಮಾಡಿಸಿದ್ರೆ ವೀಸಾಗೆ ತೊಂದ್ರೆ ಆಗುತ್ತಾ, ಮನೆಯವರಿಗೆ ಗೊತ್ತಾಗುತ್ತಾ ಅಂತ ಕೇಳಿದೀಯ.

ಮೊದ್ಲು ಆ ಹುಡುಗನ ವಿಷಯ. ಅವನು ಯಾವ ಥರದವನೋ ನಂಗೊತ್ತಿಲ್ಲ, ಆದ್ರೆ ಈ ಒಂದು ವಿಷಯದಲ್ಲಿ ಅವನು ಸರಿಯಾಗೇ ಮಾತಾಡಿದ್ದಾನೆ, 'ಇಬ್ಬರೂ' ಅಂದಿದ್ದಾನಲ್ಲ. ನೀನು ಒಬ್ಳೇ ಹೋಗಿ ರಿಪೋರ್ಟ್ ತಂದು ತೋರ್ಸು ಅಂದಿದ್ರೆ ನಾನೇ ಬೈತಿದ್ದೆ. ಇಲ್ಲಿ ಹೊಸ ಪಾರ್ಟ್ನರ್ ಆದಾಗ ಟೆಸ್ಟ್ ಮಾಡಿಸೋದು ತುಂಬಾ ಜನಕ್ಕೆ ಮಾಮೂಲಿ, ಯಾಕಂದ್ರೆ ಈ ಸೋಂಕುಗಳಲ್ಲಿ ಜಾಸ್ತಿ ಪಾಲು ಇದೆ ಅಂತಲೇ ತಿಳಿಯಲ್ಲ. ಕ್ಲಮೈಡಿಯಾ ಅನ್ನೋ ಸೋಂಕನ್ನೇ ತಗೋ, ಅದು ಬಂದಿರೋ ಹೆಂಗಸರಲ್ಲಿ ನೂರಕ್ಕೆ 70 ಜನಕ್ಕಾದ್ರೂ ಯಾವ ಲಕ್ಷಣನೂ ಗೊತ್ತಾಗಲ್ಲ, ಗಂಡಸರಲ್ಲೂ ಅರ್ಧಕ್ಕರ್ಧ ಜನಕ್ಕೆ ಗೊತ್ತಾಗಲ್ಲ. ನೋವಿಲ್ಲ, ಉರಿ ಇಲ್ಲ, ಬಿಳಿ ಸೆರಗಿನಲ್ಲೂ ವ್ಯತ್ಯಾಸ ಇಲ್ಲ, ಆರಾಮಾಗಿ ಓಡಾಡ್ಕೊಂಡಿರ್ತಾರೆ, ಒಳಗಡೆ ಅದು ಗರ್ಭನಾಳದ ತನಕ ಹೋಗಿ ಗಾಯ ಮಾಡಿರಬಹುದು, ವರ್ಷಗಳಾದ್ಮೇಲೆ ಮಗು ಯಾಕೆ ಆಗ್ತಿಲ್ಲ ಅಂತ ಡಾಕ್ಟರ್ ಹತ್ರ ಹೋದಾಗ ಗೊತ್ತಾಗುತ್ತೆ, ಇಲ್ಲಾ ಬಸಿರು ಗರ್ಭಕೋಶ ಬಿಟ್ಟು ನಾಳದಲ್ಲೇ ಕೂತು ಜೀವಕ್ಕೇ ಸಂಚಕಾರ ಆಗಬಹುದು. ಇಷ್ಟಕ್ಕೂ ಮೊದಲೇ ಸಿಕ್ಕಿದ್ರೆ ಏಳು ದಿನದ ಮಾತ್ರೆ ಸಾಕು.

ಸಿಫಿಲಿಸ್ ಇನ್ನೂ ಕಿಲಾಡಿ. ಮೊದಲು ಒಂದು ಹುಣ್ಣು, ಅದೂ ಸಾಮಾನ್ಯವಾಗಿ ನೋವೇ ಇರಲ್ಲ, ಕಾಣದೇ ಇರೋ ಜಾಗದಲ್ಲಿದ್ರೆ ಗೊತ್ತೇ ಆಗಲ್ಲ, ಕೆಲವು ವಾರದಲ್ಲಿ ತಾನಾಗೇ ವಾಸಿ ಆಗುತ್ತೆ. ಆಮೇಲೆ ಅಂಗೈ ಅಂಗಾಲಲ್ಲಿ ಕೆಂಪು ದದ್ದು ಬರಬಹುದು, ಅದೂ ಹೋಗುತ್ತೆ. ಸರಿ ಹೋಯ್ತು ಅಂತ ಸುಮ್ನಿದ್ರೆ ವರ್ಷಗಟ್ಟಲೆ ಒಳಗೇ ಇದ್ದು ಹೃದಯಕ್ಕೋ ಮಿದುಳಿಗೋ ನರಕ್ಕೋ ಹಾನಿ ಮಾಡಬಹುದು. ಇಂಥದ್ದನ್ನ ಮುಖ ನೋಡಿ, ಮನೆತನ ನೋಡಿ, ಡಿಗ್ರಿ ನೋಡಿ ಕಂಡುಹಿಡಿಯೋಕಾಗುತ್ತಾ?

ನಿನ್ನ ಥರ ಯೋಚನೆ ಮಾಡೋರಿಗೆ ನಾನು ಹೇಳೋದೇ ಇದು. ಇಲ್ಲಿ ಗರ್ಭಿಣಿ ಆದ ಪ್ರತಿಯೊಬ್ಬ ಹೆಂಗಸಿಗೂ ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿ ಟೆಸ್ಟ್ ಮಾಡ್ತೀವಿ ಅಂತ ಕೇಳೇ ಕೇಳ್ತಾರೆ, ಮದುವೆ ಆಗಿ ಎಷ್ಟು ವರ್ಷ ಆಯ್ತು, ಗಂಡ ಎಂಥವನು ಅಂತ ನೋಡಿ ಕೇಳಲ್ಲ. ಲಂಡನ್, ಮ್ಯಾಂಚೆಸ್ಟರ್ ಥರ ಕೆಲವು ಕಡೆ 2022ರಿಂದ ಎಮರ್ಜೆನ್ಸಿಗೆ ಹೋದಾಗ ಬೇರೆ ಯಾವುದಕ್ಕಾದ್ರೂ ರಕ್ತ ತಗೊಂಡ್ರೆ, ನೀನು ಬೇಡ ಅನ್ನದೇ ಇದ್ರೆ ಅದರಲ್ಲೇ ಎಚ್‌ಐವಿ ಟೆಸ್ಟೂ ಆಗುತ್ತೆ. ತಲೆ ಸುತ್ತಿ ಬಂದ ಅಜ್ಜಿ ಮೇಲೂ ಇವರಿಗೆ ಅನುಮಾನ ಅಂತಲಾ ಅರ್ಥ?

ಈಗ ವೀಸಾ. ಭಾರತದಿಂದ ಆರು ತಿಂಗಳಿಗಿಂತ ಜಾಸ್ತಿ ಇರೋಕೆ ಬರೋರಿಗೆ ಕೇಳೋದು ಟಿಬಿ ಟೆಸ್ಟ್, ಅದನ್ನ ನೀನು ಎಕ್ಸ್‌ರೇ ತೆಗೆಸಿ ಮುಗಿಸ್ಕೊಂಡೇ ಬಂದಿರ್ತೀಯ. ಗುಪ್ತರೋಗದ ಟೆಸ್ಟ್ ವೀಸಾದಲ್ಲಿ ಇಲ್ವೇ ಇಲ್ಲ, ಎಚ್‌ಐವಿ ಇದೆ ಅಂತ ವೀಸಾ ಕೊಡದೇ ಇರೋ ನಿಯಮನೂ ಇಲ್ಲಿಲ್ಲ. ಲೈಂಗಿಕ ಆರೋಗ್ಯದ ಕ್ಲಿನಿಕ್‌ಗಳು ಅಂತ ಬೇರೆನೇ ಇವೆ, ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ದೇ, 'ಸೆಕ್ಷುಯಲ್ ಹೆಲ್ತ್ ಕ್ಲಿನಿಕ್' ಅಂತ ಹುಡುಕಿದ್ರೆ ಹತ್ತಿರದ್ದು ಸಿಗುತ್ತೆ. ಅಲ್ಲಿಗೆ ಹೋಗೋಕೆ ನಿನ್ನ ಜಿಪಿ (ಅಂದ್ರೆ ಇಲ್ಲಿನ ಫ್ಯಾಮಿಲಿ ಡಾಕ್ಟರ್) ಚೀಟಿ ಬೇಡ, ಜಿಪಿ ಹತ್ರ ರಿಜಿಸ್ಟರ್ ಆಗಿರಲೇಬೇಕು ಅಂತಲೂ ಇಲ್ಲ. ಟೆಸ್ಟೂ ಫ್ರೀ, ಅಲ್ಲಿ ಕೊಡೋ ಔಷಧಿನೂ ಫ್ರೀ, ಯಾವ ವೀಸಾದಲ್ಲಿ ಇದ್ರೂ, ವೀಸಾ ಮುಗಿದೇ ಹೋಗಿದ್ರೂ ಫ್ರೀ. ಎಚ್‌ಐವಿ ಚಿಕಿತ್ಸೆಗೆ ಮುಂಚೆ ಕೆಲವು ಹೊರದೇಶದವರ ಹತ್ರ ದುಡ್ಡು ಕೇಳ್ತಿದ್ರು, 2012ರ ಅಕ್ಟೋಬರ್‌ನಿಂದ ಇಂಗ್ಲೆಂಡಲ್ಲಿ ಅದನ್ನೂ ತೆಗೆದ್ರು.

ಇದು ಇವರು ಉದಾರಿಗಳು ಅಂತ ಮಾಡಿರೋದಲ್ಲ ಬಿಡು, ಲೆಕ್ಕಾಚಾರ. ಮೊದಲನೇ ಮಹಾಯುದ್ಧದ ಮಧ್ಯೆ, 1916ರಲ್ಲೇ, ಈ ರೋಗಗಳಿಗೆ ಫ್ರೀಯಾಗಿ ಗುಟ್ಟಾಗಿ ಚಿಕಿತ್ಸೆ ಕೊಡಬೇಕು ಅಂತ ಇಲ್ಲಿ ನಿಯಮ ಮಾಡಿದ್ರು. ನಾಚಿಕೆಗೋ ದುಡ್ಡಿಗೋ ಹೆದರಿ ಒಬ್ರು ಬರದೇ ಹೋದ್ರೆ ಅವರಿಂದ ಇನ್ನೂ ನಾಲ್ಕು ಜನಕ್ಕೆ ಹರಡುತ್ತೆ ಅನ್ನೋದು ಅವತ್ತೇ ಗೊತ್ತಿತ್ತು. ಅದಕ್ಕೇ ಇವತ್ತಿಗೂ ಕ್ಲಿನಿಕ್ ವಿಷಯ ನಿನ್ನ ಒಪ್ಪಿಗೆ ಇಲ್ದೆ ಜಿಪಿಗೂ ತಿಳಿಸಲ್ಲ, ಇನ್ನು ಯೂನಿವರ್ಸಿಟಿಗೆ, ಮನೆಯವರಿಗೆ ಎಲ್ಲಿಂದ ಹೇಳ್ತಾರೆ. ನಿಜವಾದ ಹೆಸರು ಕೊಡೋಕೆ ಇಷ್ಟ ಇಲ್ದಿದ್ರೆ ಅದೂ ಕಡ್ಡಾಯ ಇಲ್ಲ, ಆದ್ರೆ ಫೋನ್ ನಂಬರ್ ಮಾತ್ರ ಸರಿಯಾದ್ದು ಕೊಡು, ರಿಸಲ್ಟ್ ಬರೋದು ಅದಕ್ಕೇ. ಷೇರಿಂಗ್ ಮನೇಲಿ ಇದ್ರೆ 'ಮನೆಗೆ ಪತ್ರ ಹಾಕ್ಬೇಡಿ, ಮೆಸೇಜ್ ಸಾಕು' ಅಂತ ಮೊದ್ಲೇ ಹೇಳ್ಬಿಡು.

ಒಳಗೆ ಏನಾಗುತ್ತೆ ಅಂತ ಭಯ ಇರುತ್ತೆ, ಅದೂ ಹೇಳ್ತೀನಿ. ಒಂದು ನರ್ಸ್ ಕೂತು ಪ್ರಶ್ನೆ ಕೇಳ್ತಾರೆ, ಕೊನೇ ಸಲ ಯಾವಾಗ, ಗಂಡಸರ ಜೊತೆನಾ ಹೆಂಗಸರ ಜೊತೆನಾ ಎರಡೂನಾ, ಕಾಂಡೋಮ್ ಇತ್ತಾ, ಯಾವ ರೀತಿಯ ಸೆಕ್ಸ್. ತರಕಾರಿ ಲೆಕ್ಕ ಬರ್ಕೊಳ್ಳೋ ಹಾಗೆ ನಿರ್ಭಾವುಕವಾಗಿ ಕೇಳ್ತಾರೆ, ನೀನೂ ಹಾಗೇ ಉತ್ರ ಕೊಡು. ಸುಳ್ಳು ಹೇಳಿದ್ರೆ ನಷ್ಟ ನಿಂಗೇ, ಯಾಕಂದ್ರೆ ಎಲ್ಲಿಂದ ಸ್ವಾಬ್ ತಗೋಬೇಕು ಅಂತ ಅವರು ತೀರ್ಮಾನ ಮಾಡೋದು ಆ ಉತ್ರದ ಮೇಲೆ, ಗೊನೊರಿಯಾ ಅನ್ನೋ ಇನ್ನೊಂದು ಸೋಂಕು ಗಂಟಲಲ್ಲೂ ಇರುತ್ತೆ, ಬರೀ ಕೆಳಗಿನ ಸ್ವಾಬ್ ಕೊಟ್ರೆ ಅದು ಸಿಗಲ್ಲ. ಲಕ್ಷಣ ಏನೂ ಇಲ್ದಿದ್ರೆ ಸಾಮಾನ್ಯವಾಗಿ ಕಾಲು ಅಗಲಿಸಿ ಮಲಗಿಸಿ ನೋಡೋದೆಲ್ಲ ಇರಲ್ಲ. ಉದ್ದ ಇಯರ್‌ಬಡ್ ಥರದ್ದು ಒಂದು ಕೊಟ್ಟು ಟಾಯ್ಲೆಟ್‌ಗೆ ಕಳಿಸ್ತಾರೆ, ನೀನೇ ಒಂದೆರಡು ಇಂಚು ಒಳಗೆ ಹಾಕಿ ನಿಧಾನಕ್ಕೆ ತಿರುಗಿಸಿ, ಟ್ಯೂಬಿನೊಳಗಿಟ್ಟು ಗೆರೆ ಇರೋ ಕಡೆ ಕಡ್ಡಿ ಮುರಿದು ಮುಚ್ಚಳ ಹಾಕೋದು. ಹುಡುಗರಿಗೆ ಯೂರಿನ್, ಕಮ್ಮಿ ಅಂದ್ರೂ ಒಂದು ಗಂಟೆ ಮೂತ್ರ ಮಾಡ್ದೆ ಇದ್ದು ಮೊದಲು ಬರೋದನ್ನೇ ಹಿಡೀಬೇಕು, ಅವನಿಗೆ ಹೇಳು. ಎಚ್‌ಐವಿ ಸಿಫಿಲಿಸ್‌ಗೆ ತೋಳಿಂದ ರಕ್ತ. ಮುಗೀತು.

ಎಷ್ಟೋ ಕಡೆ ಕಿಟ್ ಮನೆಗೇ ತರಿಸ್ಕೋಬಹುದು, ಮೇಲೆ ಏನೂ ಬರೆದಿಲ್ಲದ ಸಾದಾ ಕವರಲ್ಲಿ ಬರುತ್ತೆ. ಅದರಲ್ಲಿ ಸ್ವಾಬ್ ಸುಲಭ, ರಕ್ತನೇ ಕಷ್ಟ. ಬೆರಳು ಚುಚ್ಚಿ ಪುಟ್ಟ ಟ್ಯೂಬಿನ ಗೆರೆ ತನಕ ತೊಟ್ಟು ತೊಟ್ಟಾಗಿ ತುಂಬಿಸ್ಬೇಕು, ಈ ಚಳಿ ದೇಶದಲ್ಲಿ ಕೈ ಮಂಜುಗಡ್ಡೆ ಆಗಿರುತ್ತೆ, ರಕ್ತ ಎರಡು ತೊಟ್ಟಿಗೇ ನಿಂತುಬಿಡುತ್ತೆ. ಮೊದ್ಲು ಚೆನ್ನಾಗಿ ನೀರು ಕುಡಿ, ಬಿಸಿನೀರಲ್ಲಿ ಕೈ ಇಟ್ಕೊಂಡು ಬೆಚ್ಚಗೆ ಮಾಡ್ಕೋ, ನಿಂತ್ಕೊಂಡು ಕೈ ಕೆಳಗೆ ಬಿಟ್ಟು ಬೆರಳಿನ ತುದಿಯ ಪಕ್ಕಕ್ಕೆ ಚುಚ್ಚು, ಮಧ್ಯಕ್ಕೆ ಬೇಡ, ಆಮೇಲೆ ಅಂಗೈಯಿಂದ ಬೆರಳಿನ ಕಡೆಗೆ ನೀವ್ತಾ ಬಾ. ಕಮ್ಮಿ ರಕ್ತ ಕಳಿಸಿದ್ರೆ ಟೆಸ್ಟ್ ಆಗಲ್ಲ, ಮತ್ತೆ ಹೊಸ ಕಿಟ್ ತರಿಸ್ಬೇಕು.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿರಲ್ಲ, ಇಂದು ಸೋಂಕು ತಗುಲಿದ್ರೆ ನಾಳೆ ಟೆಸ್ಟಲ್ಲಿ ಕಾಣಲ್ಲ. ಕ್ಲಮೈಡಿಯಾ, ಗೊನೊರಿಯಾಕ್ಕೆ ಎರಡು ವಾರ ಬಿಡಬೇಕು, ಲ್ಯಾಬಲ್ಲಿ ಮಾಡೋ ಎಚ್‌ಐವಿ ಟೆಸ್ಟ್‌ಗೆ 45 ದಿನ, ಸಿಫಿಲಿಸ್‌ಗೆ 12 ವಾರ. ಅಂದ್ರೆ ಅವನು ಕಳೆದ ತಿಂಗಳು ಯಾರ ಜೊತೆನೋ ಇದ್ದು ಮೊನ್ನೆ ಟೆಸ್ಟ್ ಮಾಡಿಸಿ ಎಲ್ಲಾ ನೆಗೆಟಿವ್ ಅಂತ ಮೊಬೈಲ್ ತೋರ್ಸಿದ್ರೆ ಅದು ಅರ್ಧ ಉತ್ರ ಅಷ್ಟೇ. ರಿಸಲ್ಟ್ ಜೊತೆಗೆ ತಾರೀಖು ಕೇಳು, ಸಂಕೋಚ ಬೇಡ. ಅಲ್ಲಿವರೆಗೂ ಕಾಂಡೋಮ್, ಕ್ಲಿನಿಕ್ಕಲ್ಲಿ ಕೇಳಿದ್ರೆ ಅದೂ ಫ್ರೀಯಾಗಿ ಕೊಡ್ತಾರೆ. ಗರ್ಭ ನಿಲ್ಲದ ಮಾತ್ರೆ ತಗೊಳ್ತೀನಲ್ಲ ಅನ್ನೋರಿದ್ದಾರೆ, ಮಾತ್ರೆ ತಡೆಯೋದು ಗರ್ಭನ ಮಾತ್ರ.

ಕಾಂಡೋಮ್ ಹರಿದು ಎಚ್‌ಐವಿ ಭಯ ಆದ್ರೆ ಮಾತ್ರ ಕಾಯ್ತಾ ಕೂರೋ ಹಾಗಿಲ್ಲ. ಪೆಪ್ ಅಂತ ಮಾತ್ರೆ ಇದೆ, 72 ಗಂಟೆ ಒಳಗೆ ಶುರು ಮಾಡಿ 28 ದಿನ ತಗೋಬೇಕು, ಎಷ್ಟು ಬೇಗ ಅಷ್ಟು ಒಳ್ಳೇದು. ಶನಿವಾರ ರಾತ್ರಿ ಕ್ಲಿನಿಕ್ ಮುಚ್ಚಿದ್ರೆ ನೇರ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗು.

'ಫುಲ್ ಚೆಕಪ್' ಅಂತ ಅಂದ್ಕೊಂಡ್ರೂ ಅದರಲ್ಲಿ ಎಲ್ಲಾ ಬರಲ್ಲ. ಹರ್ಪಿಸ್ ಅನ್ನೋ ವೈರಸ್ ಸೋಂಕಿನ ಗುಳ್ಳೆ ಇದ್ದಾಗ ಅಲ್ಲಿಂದ ಸ್ವಾಬ್ ತಗೊಂಡು ನೋಡ್ತಾರೆ, ಗುಳ್ಳೆ ಇಲ್ದಿದ್ರೆ ಮಾಮೂಲಿ ಟೆಸ್ಟಲ್ಲಿ ಅದನ್ನ ಸೇರಿಸಲ್ಲ. 25ರ ಹತ್ರ ನಿಂಗೆ ಸ್ಮಿಯರ್ ಟೆಸ್ಟಿಗೆ ಕರೆ ಬರುತ್ತೆ, ಜಿಪಿ ಹತ್ರ ರಿಜಿಸ್ಟರ್ ಆಗಿದ್ರೆ. ಅದು ಗರ್ಭಕಂಠದ ಕ್ಯಾನ್ಸರ್ ತಡೆಯೋಕೆ, ಅದನ್ನ ತರೋ ಎಚ್‌ಪಿವಿ ವೈರಸ್ ಇದೆಯಾ ಅಂತ ನೋಡೋದು, ಅದು ಮಾಡಿಸ್ಕೊಂಡೆ ಅಂತ ಇದು ಬಿಡೋ ಹಾಗಿಲ್ಲ, ಇದು ಮಾಡಿಸ್ಕೊಂಡೆ ಅಂತ ಅದನ್ನೂ ಬಿಡಬೇಡ.

ಪಾಸಿಟಿವ್ ಬಂದ್ರೆ? ಕ್ಲಮೈಡಿಯಾ ಬಂದ ತಕ್ಷಣ 'ನಂಗೆ ಮೋಸ ಮಾಡಿದೆ' ಅಂತ ಜಗಳ ಆಡಿ ದೂರ ಆದೋರನ್ನ ನೋಡಿದೀನಿ. ಅದು ಲಕ್ಷಣ ಇಲ್ದೆ ತಿಂಗಳುಗಟ್ಟಲೆ ಒಳಗೇ ಇರಬಹುದು, ನಿಮ್ಮಿಬ್ಬರ ಪರಿಚಯಕ್ಕೂ ಹಿಂದಿಂದೇ ಇರಬಹುದು, ಟೆಸ್ಟ್ ನೋಡಿ ಯಾವಾಗ ಬಂತು ಯಾರಿಂದ ಬಂತು ಅಂತ ಹೇಳೋಕಾಗಲ್ಲ. ಇಬ್ಬರೂ ಮಾತ್ರೆ ತಗೋಬೇಕು, ಕೋರ್ಸ್ ಮುಗಿಯೋ ತನಕ ದೂರ ಇರಬೇಕು, ಒಬ್ರೇ ತಗೊಂಡ್ರೆ ಇವರಿಂದ ಅವರಿಗೆ ಅವರಿಂದ ಇವರಿಗೆ ಸುತ್ತುತ್ತಾ ಇರುತ್ತೆ. ಹಳೇ ಪಾರ್ಟ್ನರ್‌ಗೆ ಹೇಳೋಕೆ ಮುಜುಗರ ಆದ್ರೆ ನಿನ್ನ ಹೆಸರು ಹೇಳದೇ ಕ್ಲಿನಿಕ್‌ನವರೇ ಅವರಿಗೆ ತಿಳಿಸ್ತಾರೆ. ಗೊನೊರಿಯಾಕ್ಕೆ ಇಂಜೆಕ್ಷನ್, ಆಮೇಲೆ ಹೋಗಿದೆಯಾ ಅಂತ ಮತ್ತೆ ಟೆಸ್ಟ್, ಯಾಕಂದ್ರೆ ಅದಕ್ಕೆ ಹಳೇ ಮಾತ್ರೆಗಳು ನಾಟೋದು ನಿಂತುಹೋಗಿದೆ. 2023ರಲ್ಲಿ ಇಂಗ್ಲೆಂಡ್ ಒಂದರಲ್ಲೇ 85 ಸಾವಿರಕ್ಕೂ ಹೆಚ್ಚು ಗೊನೊರಿಯಾ ಕೇಸ್ ಸಿಕ್ಕಿತ್ತು, 1918ರಲ್ಲಿ ಲೆಕ್ಕ ಇಡೋಕೆ ಶುರು ಮಾಡಿದ್ಮೇಲೆ ಅಷ್ಟು ಯಾವತ್ತೂ ಸಿಕ್ಕಿರಲಿಲ್ಲ. ಅದಕ್ಕೇ ಯಾರೋ ಫ್ರೆಂಡ್ ಹತ್ರ ಉಳಿದಿರೋ ಆಂಟಿಬಯಾಟಿಕ್, ಸೂಟ್‌ಕೇಸಲ್ಲಿ ತಂದಿರೋ ಸ್ಟ್ರಿಪ್ ನುಂಗೋ ಕೆಲಸ ಮಾಡಬೇಡ.

ಎಚ್‌ಐವಿ ಬಂದ್ರೂ ಇವತ್ತು ದಿನಾ ಮಾತ್ರೆ ತಗೊಂಡು ಪೂರ್ತಿ ಆಯಸ್ಸು ಬಾಳ್ತಾರೆ, ರಕ್ತದಲ್ಲಿ ವೈರಸ್ ಕಾಣದಷ್ಟು ಇಳಿದು ಹಾಗೇ ಇದ್ರೆ ಸೆಕ್ಸ್‌ನಿಂದ ಇನ್ನೊಬ್ಬರಿಗೆ ಹರಡೋದೂ ಇಲ್ಲ. ತಡವಾಗಿ ಗೊತ್ತಾದೋರದ್ದೇ ಕಷ್ಟ.

ಎಷ್ಟು ದಿನಕ್ಕೊಂದ್ಸಲ ಅಂದ್ರೆ, ನಿನ್ನ ವಯಸ್ಸಿನ ಹುಡುಗೀರು, 25ರ ಒಳಗಿದ್ರೆ, ವರ್ಷಕ್ಕೊಮ್ಮೆ ಮತ್ತೆ ಪಾರ್ಟ್ನರ್ ಬದಲಾದಾಗೆಲ್ಲ ಕ್ಲಮೈಡಿಯಾ ಟೆಸ್ಟ್ ಮಾಡಿಸಬೇಕು. ಗಂಡಸರ ಜೊತೆ ಇರೋ ಗಂಡಸರಿಗೆ ವರ್ಷಕ್ಕೊಮ್ಮೆ, ಹೊಸ ಹೊಸ ಪಾರ್ಟ್ನರ್ ಇದ್ರೆ ಮೂರು ತಿಂಗಳಿಗೊಮ್ಮೆ. ನೀನು ಸದ್ಯಕ್ಕೆ ಒಂದು ಕಿಟ್ ತರಿಸ್ಕೋ, ಅವನೂ ತರಿಸ್ಕೊಳ್ಳಲಿ. ಆದ್ರೆ ಉರಿ, ಹುಣ್ಣು, ಮುಟ್ಟಿನ ಮಧ್ಯೆ ರಕ್ತ, ಕೆಳಹೊಟ್ಟೆ ನೋವು ಇಂಥದ್ದೇನಾದ್ರೂ ಇದ್ರೆ ಕಿಟ್ ನಂಬ್ಕೊಂಡು ಕೂರಬೇಡ, ಕ್ಲಿನಿಕ್ಕಿಗೇ ಫೋನ್ ಮಾಡಿ ಲಕ್ಷಣ ಇದೆ ಅಂತ ಮೊದಲ ಮಾತಲ್ಲೇ ಹೇಳು. ಬೆಳಿಗ್ಗೆ ಲೈನ್ ಓಪನ್ ಆದ ತಕ್ಷಣ ಮಾಡು, ಹತ್ತು ಗಂಟೆ ಮೇಲೆ ಮಾಡಿದ್ರೆ ಅವತ್ತಿನ ಸ್ಲಾಟ್ ಸಿಗೋದು ಕಷ್ಟ.