ಹೆರಿಗೆ ವಾರ್ಡಿನಲ್ಲಿ ಆತ್ಮಸಾಕ್ಷಿಯ ಗೆರೆ ಎಲ್ಲಿ?

ಪ್ರಶ್ನೆ: ಬ್ರಿಟನ್ನಿನ ಆಸ್ಪತ್ರೆಯೊಂದಕ್ಕೆ ಮಿಡ್‌ವೈಫ್ ಆಗಿ ಸೇರಲಿದ್ದೇನೆ. ಗರ್ಭಪಾತಕ್ಕೆ ನನ್ನ ಮನಸ್ಸು ಒಪ್ಪದು. ಯಾವ ಕೆಲಸಕ್ಕೆ ‘ಆಗದು’ ಎನ್ನಬಹುದು?

ಉತ್ತರ: ನೀವೇ ಕೈಯಾರೆ ಮಾಡಬೇಕಾದ ಕೆಲಸಕ್ಕೆ. ಆತ್ಮಸಾಕ್ಷಿ ಒಪ್ಪದಿದ್ದರೆ ಗರ್ಭಪಾತದ ಚಿಕಿತ್ಸೆಯಲ್ಲಿ ಪಾಲ್ಗೊಳ್ಳಬೇಕಿಲ್ಲ ಎಂದು 1967ರ ಗರ್ಭಪಾತ ಕಾಯ್ದೆಯ 4ನೇ ಸೆಕ್ಷನ್ ಹೇಳುತ್ತದೆ. (ಉತ್ತರ ಐರ್ಲೆಂಡಿಗೆ ಈ ಕಾಯ್ದೆ ಅನ್ವಯಿಸದು.) ‘ಪಾಲ್ಗೊಳ್ಳುವುದು’ ಎಂದರೇನು ಎಂಬುದೇ ತಕರಾರು. ಗ್ಲಾಸ್ಗೋದ ಇಬ್ಬರು ಉಸ್ತುವಾರಿ ಮಿಡ್‌ವೈಫ್‌ಗಳ ಮೊಕದ್ದಮೆಯಲ್ಲಿ, 2014ರ ಡಿಸೆಂಬರಿನಲ್ಲಿ, ಸುಪ್ರೀಂ ಕೋರ್ಟ್ ಅದನ್ನು ಬಿಡಿಸಿ ಹೇಳಿತು. ಹೆರಿಗೆ ನೋವು ಬರಿಸುವ ಔಷಧಿ ಕೊಡುವಲ್ಲಿಂದ ಭ್ರೂಣ, ಮಾಸು ಹೊರಬೀಳುವ ತನಕ ಆ ಹೆಂಗಸಿನ ಆರೈಕೆಯೆಲ್ಲ ಇದರೊಳಗೆ ಬರುತ್ತದೆ. ನೋವು ಶಮನದ ಮದ್ದು ಕೊಡುವುದೂ ಸೇರಿ. ಯಾವ ಸಿಬ್ಬಂದಿಗೆ ಯಾವ ರೋಗಿ ಎಂದು ಹಂಚುವುದು, ಸಹೋದ್ಯೋಗಿಗಳ ಮೇಲ್ವಿಚಾರಣೆ, ಫೋನಿನಲ್ಲಿ ದಾಖಲಾತಿ ಗೊತ್ತುಮಾಡುವುದು ಬರುವುದಿಲ್ಲ. ಹಾಗಾಗಿ ಬಡ್ತಿ ಸಿಕ್ಕಿ ಉಸ್ತುವಾರಿ ಹೆಚ್ಚಿದಷ್ಟೂ ರಕ್ಷಣೆ ಕಡಿಮೆ. ಬಡ್ತಿಗೆ ಸಹಿ ಹಾಕುವ ಮುಂಚೆ ಇದನ್ನು ಯೋಚಿಸುವವರು ಕಮ್ಮಿ.

ಪ್ರಶ್ನೆ: ಯಾವಾಗ, ಯಾರಿಗೆ ಹೇಳಬೇಕು?

ಉತ್ತರ: ಕೆಲಸಕ್ಕೆ ಸೇರುವಾಗಲೇ, ಬರಹದಲ್ಲಿ. ಮಿಡ್‌ವೈಫ್‌ಗಳ ವೃತ್ತಿಸಂಹಿತೆಯ ಪ್ರಕಾರ ಮ್ಯಾನೇಜರ್, ಸಹೋದ್ಯೋಗಿಗಳು, ಆರೈಕೆ ಪಡೆಯುವವರು ಮೂವರಿಗೂ ತಿಳಿಸಬೇಕು. ಅರ್ಹರೊಬ್ಬರು ನಿಮ್ಮ ಜಾಗಕ್ಕೆ ಬರುವಂತೆ ಏರ್ಪಾಟು ಮಾಡಬೇಕು. ಎಡವುವುದು ಹೊತ್ತಿನ ಲೆಕ್ಕದಲ್ಲಿ. ಮೂರು ತಿಂಗಳು ದಾಟಿದ ಗರ್ಭಕ್ಕೆ ಮೊದಲು ಗರ್ಭ ಮುಂದುವರಿಯದಂತೆ ತಡೆಯುವ ಮಿಫೆಪ್ರಿಸ್ಟೋನ್ ಮದ್ದು, 200 ಮಿಲಿಗ್ರಾಂ. ಒಂದೆರಡು ದಿನ ಬಿಟ್ಟು ಹೆರಿಗೆ ನೋವು ಬರಿಸುವ ಮಿಸೊಪ್ರೊಸ್ಟಾಲ್, 400 ಮೈಕ್ರೋಗ್ರಾಂ, ಮೂರು ಗಂಟೆಗೊಮ್ಮೆ. ರಾತ್ರಿ ಪಾಳಿಯಲ್ಲಿ ಮೂರನೇ ಡೋಸಿನ ಹೊತ್ತಿಗೆ ‘ನಾನು ಕೊಡೆ’ ಎಂದರೆ ಬದಲಿಯವರು ಸಿಗುವ ತನಕ ಹಾಸಿಗೆಯಲ್ಲಿರುವಾಕೆ ನೋವು ತಿನ್ನುತ್ತ ಕಾಯಬೇಕು. ಪಾಳಿಪಟ್ಟಿ ಬರೆಯುವವರಿಗೆ ಮೊದಲೇ ಗೊತ್ತಿದ್ದರೆ ಈ ಗೋಳಿಲ್ಲ.

ಮಾಸು ಒಳಗೇ ಉಳಿದು ರಕ್ತ ಸುರಿಯತೊಡಗಿದರೆ? ಆಗ ಆಕ್ಷೇಪಕ್ಕೆ ಎಡೆಯಿಲ್ಲ. ಜೀವ ಉಳಿಸಲು ಅಥವಾ ಗಂಭೀರವಾದ ಶಾಶ್ವತ ಹಾನಿ ತಡೆಯಲು ಬೇಕಾದ ಚಿಕಿತ್ಸೆಗೆ ವಿನಾಯಿತಿ ಅನ್ವಯಿಸದು ಎಂದು ಅದೇ ಸೆಕ್ಷನ್ನಿನಲ್ಲಿದೆ.

ಪ್ರಶ್ನೆ: ನನ್ನ ನಂಬಿಕೆ ನಿಜವೆಂದು ಸಾಬೀತು ಮಾಡಬೇಕೇ?

ಉತ್ತರ: ಕೋರ್ಟಿಗೆ ಹೋದರೆ ಹೌದು, ಆ ಹೊಣೆ ನಿಮ್ಮದೇ. ಸ್ಕಾಟ್ಲೆಂಡಿನಲ್ಲಿ ಪ್ರಮಾಣ ಮಾಡಿ ಹೇಳಿಕೆ ಕೊಟ್ಟರೆ ಸಾಕು.

ಪ್ರಶ್ನೆ: ಸ್ವೀಡನ್ನಿನಲ್ಲೂ ಹೀಗೆಯೇ?

ಉತ್ತರ: ಇಲ್ಲ. ಅಲ್ಲಿನ ಕಾನೂನಿನಲ್ಲಿ ಇಂಥ ವಿನಾಯಿತಿಯೇ ಇಲ್ಲ. ಕೆಲಸ ಸಿಗದ ಇಬ್ಬರು ಮಿಡ್‌ವೈಫ್‌ಗಳು ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯದವರೆಗೂ ಹೋದರು. 2020ರಲ್ಲಿ ಅವರ ಅರ್ಜಿ ವಿಚಾರಣೆಗೇ ಅರ್ಹವಲ್ಲವೆಂದು ತಳ್ಳಿಹೋಯಿತು.