ಗಿಟಾರ್ ಶೋನಲ್ಲಿ ಕೂತು ನುಡಿಸೋದಾ, ನಿಂತು ನುಡಿಸೋದಾ?

"ಎರಡು ವರ್ಷದಿಂದ ಮನೇಲಿ ಕೂತೇ ಪ್ರಾಕ್ಟೀಸ್ ಮಾಡಿದೀನಿ, ಮುಂದಿನ ತಿಂಗಳು ಕೆಫೆಲಿ ಮೊದಲನೇ ಶೋ, ನಿಂತು ನುಡಿಸಿದ್ರೇನೇ ಪ್ರೊಫೆಷನಲ್ ಆಗಿ ಕಾಣುತ್ತೆ ಅಂತಾರೆ ಫ್ರೆಂಡ್ಸು" ಅಂತ ಬರ್ದಿದೀರಲ್ಲ, ಅದನ್ನ ಓದ್ತಿದ್ದಂಗೆ ನನ್ನ ಎಡಗೈ ಮಣಿಕಟ್ಟು ಜುಂ ಅಂತು ಮಾರಾಯ್ರೆ. 2008ರ ಗಣಪತಿ ಹಬ್ಬದಲ್ಲಿ ನಾನೂ ಇದೇ ಮಾತು ನಂಬ್ಕೊಂಡು ಸ್ಟೇಜ್ ಹತ್ತಿದ್ದೆ.

ನಮ್ದು ಶಿವಮೊಗ್ಗ. ಗಣಪತಿ ಟೈಮಲ್ಲಿ ಕೇರಿಗೊಂದು ಪೆಂಡಾಲು, ಪೆಂಡಾಲಿಗೊಂದು ರಸಮಂಜರಿ. ನಾನಾಗ ಡಿಪ್ಲೊಮಾ ಓದ್ತಿದ್ದೆ. ಒಂದು ಆರ್ಕೆಸ್ಟ್ರಾದಲ್ಲಿ ಗಿಟಾರಿಗೆ ಹುಡುಗ ಬೇಕು ಅಂತ ಯಾರೋ ಹೇಳಿದ್ರು, ಹೋದೆ, ತಗೊಂಡ್ರು. ಶೋಗೆ ಆರುನೂರು ರೂಪಾಯಿ, ರಾತ್ರಿ ಊಟ, ಆ ಸೀಸನ್ನಿಗೆ ಹನ್ನೆರಡು ಶೋ ಬುಕ್ ಆಗಿದೆ ಅಂದ್ರು. ಹನ್ನೆರಡು ಇಂಟು ಆರುನೂರು ಅಂತ ಲೆಕ್ಕ ಹಾಕಿ ಎಲೆಕ್ಟ್ರಿಕ್ ಗಿಟಾರೇ ತಗೊಂಡ್ಬಿಡೋಣ ಅಂತ ಕನಸು ಬೇರೆ ಕಂಡಿದ್ದಾಯ್ತು.

ಕಲ್ತಿದ್ದೆಲ್ಲ ಮನೆ ಮಂಚದ ತುದೀಲಿ ಕೂತು. ನಾಕು ವರ್ಷ. ಗಿಟಾರ್ ಬಲತೊಡೆ ಮೇಲೆ, ಬೆನ್ನು ಬಗ್ಸಿ, ಮುಖಾನ ಗಿಟಾರಿನ ಮೇಲೇ ಇಟ್ಕೊಂಡು. ಆರ್ಕೆಸ್ಟ್ರಾ ರಿಹರ್ಸಲ್ಲೂ ಕೂತೇ, ಕೀಬೋರ್ಡ್ ನುಡಿಸೋ ಅಣ್ಣನ ಮನೆ ಹಾಲಲ್ಲಿ. ಎಲ್ಲಾ ಹಾಡು ಸರಿಯಾಗೇ ಬರ್ತಿತ್ತು, ಕೀಬೋರ್ಡ್ ಅಣ್ಣ ಒಂದ್ಸಲ ತಲೆ ಅಲ್ಲಾಡ್ಸಿದ್ರು ಕೂಡ. ಶೋ ದಿನ ಮಧ್ಯಾಹ್ನ ಆರ್ಕೆಸ್ಟ್ರಾ ಯಜಮಾನ್ರು ಫೋನ್ ಮಾಡಿ, "ನೀನು ನಿಂತ್ಕೊಂಡೇ ನುಡ್ಸಪ್ಪಾ, ಗಿಟಾರಿನವ್ನು ಕೂತ್ರೆ ಸ್ಟೇಜಿಗೆ ಕಳೆ ಇರಲ್ಲ" ಅಂದ್ರು. ನಂಗೆ ಖುಷಿನೇ ಆಯ್ತು. ನೆಹರೂ ರೋಡಿಗೆ ಹೋಗಿ ಸ್ಟ್ರಾಪ್, ಅಂದ್ರೆ ಗಿಟಾರನ್ನ ಹೆಗಲಿಗೆ ನೇತಾಕ್ಕೊಳ್ಳೋ ಪಟ್ಟಿ, ತಂದೆ. ನನ್ನ ಗಿಟಾರಿಗೆ ಸ್ಟ್ರಾಪ್ ಸಿಕ್ಕಿಸೋ ಬಟನ್ ಬುಡದಲ್ಲಿ ಒಂದೇ ಇತ್ತು, ತುಂಬಾ ಅಕೂಸ್ಟಿಕ್ ಗಿಟಾರಲ್ಲಿ ಹಂಗೇ ಇರೋದು, ಇನ್ನೊಂದು ತುದೀನ ಶೂ ಲೇಸ್ ಹಾಕಿ ತಲೆ ಹತ್ರ, ತಂತಿ ಕೆಳಗಿಂದ ತೂರ್ಸಿ ಕಟ್ದೆ. ಇಷ್ಟರವರೆಗೂ ಏನೂ ತಪ್ಪಿಲ್ಲ.

ತಪ್ಪಾಗಿದ್ದು ಕನ್ನಡಿ ಮುಂದೆ. ಸ್ಟ್ರಾಪನ್ನ ಎಷ್ಟುದ್ದ ಬಿಡಬೋದೋ ಅಷ್ಟೂ ಬಿಟ್ಟೆ. ಪೋಸ್ಟರಲ್ಲಿ ರಾಕ್ ಗಿಟಾರಿಸ್ಟುಗಳು ನಿಂತಿರ್ತಾರಲ್ಲ, ಸೊಂಟದಿಂದ ಕೆಳಗೆ ನೇತಾಡ್ತಿರುತ್ತೆ, ಆ ಥರ. ನೋಡ್ದೆ, ಸೂಪರಾಗಿತ್ತು, ತಲೆ ಬಾಚ್ಕೊಂಡು ಹೊರಟೆ. ಹಂಗೆ ನಿಂತ್ಕೊಂಡು ಒಂದೇ ಒಂದು ಹಾಡನ್ನ, ಹಾಡು ಬೇಡ, ಒಂದು ಕಾರ್ಡನ್ನೂ (ಒಟ್ಟಿಗೆ ನುಡಿಸೋ ಸ್ವರಗಳ ಗುಂಪು) ನುಡಿಸಿ ನೋಡ್ಲಿಲ್ಲ.

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇದು ನಂಗೇ ಅರ್ಥ ಆಗಕ್ಕೆ ಎರಡು ವರ್ಷ ಹಿಡೀತು. ಗಿಟಾರ್ ಒಂದು ಗೇಣು ಕೆಳಗಿಳಿದ್ರೆ ಎಡಗೈ ಮೊಣಕೈ ನೆಟ್ಟಗಾಗುತ್ತೆ. ಮೊಣಕೈ ನೆಟ್ಟಗಾದ್ರೆ ಬೆರಳು ತಂತಿ ಮೇಲೆ ಬರ್ಬೇಕು ಅಂದ್ರೆ ಮಣಿಕಟ್ಟನ್ನ ಮುರ್ಕೊಳ್ಳೋ ಥರ ಬಗ್ಗಿಸ್ಬೇಕು. ಮಣಿಕಟ್ಟು ಅಷ್ಟು ಬಗ್ಗಿದಾಗ ಬೆರಳಿಗೆ ಶಕ್ತಿ ಇರಲ್ಲ, ನಂಬಿಕೆ ಇಲ್ಲದಿದ್ರೆ ಈಗ್ಲೇ ಕೈ ಬಗ್ಸಿ ಮುಷ್ಟಿ ಹಿಡೀರಿ, ಗೊತ್ತಾಗುತ್ತೆ. ತೋರುಬೆರಳು ಆರೂ ತಂತಿ ಮೇಲೆ ಚಪ್ಪಟೆಯಾಗಿ ಮಲಗಲ್ಲ, ಹಂಗೆ ಬೆರಳು ಮಲಗಿಸಿ ಹಿಡಿಯೋ ಬಾರ್ ಕಾರ್ಡ್ ಹಿಡಿದ್ರೆ ಕೆಳಗಿನ ಎರಡು ತಂತಿ ಟಪ್ ಟಪ್ ಅಂತ ಸತ್ತ ಸೌಂಡು. ಇದೊಂದು. ಇನ್ನೊಂದು, ಕೂತಾಗ ನಾವು ಗೊತ್ತಿಲ್ದಂಗೆ ಗಿಟಾರನ್ನ ನಮ್ಮ ಕಡೆ ಸ್ವಲ್ಪ ಓರೆ ಮಾಡ್ಕೊಂಡಿರ್ತೀವಿ, ಗಿಟಾರಿನ ಕುತ್ತಿಗೆ ಮೇಲಿರೋ ಲೋಹದ ಗೆರೆಗಳು, ಅಂದ್ರೆ ಫ್ರೆಟ್, ಕಾಣ್ಲಿ ಅಂತ. ನಿಂತಾಗ ಅದು ಹೊಟ್ಟೆಗೆ ಅಂಟ್ಕೊಂಡು ನೇರ ಆಗುತ್ತೆ, ಕಾಣೋದು ಆ ಕುತ್ತಿಗೆ, ಅಂದ್ರೆ ನೆಕ್ಕಿನ, ಪಕ್ಕದಲ್ಲಿರೋ ಚುಕ್ಕಿ ಮಾತ್ರ, ಪೆಂಡಾಲಿನ ನೀಲಿ ಲೈಟಲ್ಲಿ ಅದೂ ಕಾಣಲ್ಲ. ಆಮೇಲೆ ತೊಡೆ ಮೇಲಿದ್ದಾಗ ಗಿಟಾರ್ ಅಲ್ಲಾಡಲ್ಲ, ನೇತಾಡ್ತಿದ್ರೆ ಕೈ ಸರಿಸಿದಾಗೆಲ್ಲ ತೊಟ್ಲು ಥರ ಓಲಾಡುತ್ತೆ. ಬಲಗೈದೂ ಅದೇ ಕತೆ, ಮಂಚದ ಮೇಲೆ ಮುಂಗೈ ಗಿಟಾರಿನ ಮೇಲೆ ಒರಗಿ ತಾನಾಗೇ ರಂಧ್ರದ ಹತ್ರ ಬೀಳ್ತಿತ್ತು, ಈಗ ಎಲ್ಲೆಲ್ಲೋ ಬೀಳುತ್ತೆ. ಅಂದ್ರೆ ನಾಕು ವರ್ಷ ಕಲ್ತ ವಾದ್ಯ ಬಿಟ್ಟು ಬೇರೆ ಯಾವ್ದೋ ವಾದ್ಯ ಹಿಡ್ಕೊಂಡು ಸ್ಟೇಜ್ ಹತ್ತಿದಂಗೆ.

ಆದ್ರೂ ಮೊದಲನೇ ಹಾಡು ಪಾರಾಗ್ತಿದ್ದೆ, ಯಾಕಂದ್ರೆ ಅದ್ರ ಸ್ಕೇಲು ಇ ಮೈನರು. ಇ ಮೈನರ್, ಜಿ, ಸಿ, ಡಿ, ಎಲ್ಲಾ ಓಪನ್ ಕಾರ್ಡು, ಬೆರಳು ಮಲಗಿಸೋ ಕಷ್ಟ ಇಲ್ಲ, ನಿದ್ದೆಗಣ್ಣಲ್ಲೂ ಹಿಡೀಬೋದು. ಗಾಯಕರು ಮೈಕ್ ಹತ್ರ ಹೋದೋರು ಹಿಂದೆ ತಿರುಗಿ, "ಅರ್ಧ ಸ್ಕೇಲ್ ಮೇಲೆ ತಗೊಳ್ರಪ್ಪಾ" ಅಂದ್ರು. ಕೀಬೋರ್ಡ್ ಅಣ್ಣ ಸ್ಕೇಲ್ ಏರಿಸೋ ಟ್ರಾನ್ಸ್‌ಪೋಸ್ ಬಟನ್ ಒಂದ್ಸಲ ಒತ್ತಿದ್ರು, ಅವ್ರ ಕೆಲಸ ಮುಗೀತು. ನನ್ಹತ್ರ ಕ್ಯಾಪೋ, ಅಂದ್ರೆ ನೆಕ್ಕಿಗೆ ಸಿಕ್ಕಿಸಿ ಸ್ಕೇಲ್ ಏರಿಸೋ ಕ್ಲಿಪ್ಪು, ಇಲ್ಲ. ಎಫ್ ಮೈನರ್, ಜಿ ಶಾರ್ಪ್, ಸಿ ಶಾರ್ಪ್, ಡಿ ಶಾರ್ಪ್, ನಾಕೂ ಬಾರ್ ಕಾರ್ಡು, ಅದ್ರಲ್ಲೂ ಎಫ್ ಮೈನರ್ ಮೊದಲನೇ ಫ್ರೆಟ್ಟಲ್ಲಿ, ಕೈ ಅತಿ ದೂರ ಚಾಚೋ ಜಾಗ. ಮಂಚದ ಮೇಲಾಗಿದ್ರೆ ಹಿಡೀತಿದ್ದೆ, ರಿಹರ್ಸಲ್ಲಲ್ಲೂ ಹಿಡಿದಿದ್ದೆ. ಸೊಂಟದ ಕೆಳಗೆ ನೇತಾಡ್ತಿರೋ ಗಿಟಾರಲ್ಲಿ ಹಿಡಿಯಕ್ಕೆ ಒಂದು ಮೊಣಕಾಲು ಮೇಲೆತ್ತಿ ಗಿಟಾರಿಗೆ ಆಸರೆ ಕೊಟ್ಟೆ, ಒಂಟಿಕಾಲಲ್ಲಿ ನಿಂತ ಕೊಕ್ಕರೆ ಥರ. ಮುಂದಿನ ಸಾಲಲ್ಲಿದ್ದ ಮಕ್ಕಳು ಅದು ಡಾನ್ಸ್ ಸ್ಟೆಪ್ ಅಂದ್ಕೊಂಡು ಚಪ್ಪಾಳೆ ತಟ್ಟಿದ್ರು.

ಎರಡನೇ ಹಾಡು ಮುಗಿಯೋ ಹೊತ್ತಿಗೆ ಯಜಮಾನ್ರು ಸೌಂಡಿನವ್ರ ಕಡೆ ನೋಡಿ ಕೈ ಕೆಳಗೆ ಮಾಡಿದ್ದು ನಂಗೆ ಕಾಣ್ತು. ಅರ್ಥ ಆಗ್ಲಿಲ್ಲ. ಹನ್ನೊಂದು ಗಂಟೆವರೆಗೂ ಹದಿನೆಂಟು ಹಾಡು ಬೆವರಿಳಿಸ್ಕೊಂಡು ನುಡಿಸಿದೀನಿ, ಕೆಳಗಿಳಿದ್ಮೇಲೆ ಫ್ರೆಂಡ್ ಒಬ್ಬ "ಚೆನ್ನಾಗ್ ಕಾಣ್ತಿದ್ಯಲ್ಲೋ, ಆದ್ರೆ ನಿನ್ ಗಿಟಾರ್ ಕೇಳಿಸ್ಲೇ ಇಲ್ಲ" ಅಂದ. ಆರುನೂರು ರೂಪಾಯಿ ಕೊಟ್ರು, ಊಟ ಹಾಕಿದ್ರು, ಉಳಿದ ಹನ್ನೊಂದು ಶೋಗೆ ಕರೀಲಿಲ್ಲ. ಗಿಟಾರ್ ಭಾಗಾನ ಕೀಬೋರ್ಡ್ ಅಣ್ಣನೇ ಎಡಗೈಯಲ್ಲಿ ಹೊಡೀತಿದ್ರಂತೆ. ನಮ್ಮ ಬೀದಿಗೂ ಅದೇ ಆರ್ಕೆಸ್ಟ್ರಾ ಬಂತು, ನಾನು ಅವತ್ತು ಸಿನಿಮಾಗೆ ಹೋದೆ.

ಅದಕ್ಕೇ ನಿಮ್ಮ ಪ್ರಶ್ನೆನೇ ಸರಿ ಇಲ್ಲ ಅಂತೀನಿ, ಬೇಜಾರ್ ಮಾಡ್ಕೋಬೇಡಿ. ಕೂರೋದಾ ನಿಲ್ಲೋದಾ ಅನ್ನೋದು ಆಮೇಲಿನ ಮಾತು. ಮನೇಲಿ ಗಿಟಾರ್ ನಿಮ್ಮ ಮೈಗೆ ಯಾವ ಎತ್ತರದಲ್ಲಿತ್ತೋ ಸ್ಟೇಜಲ್ಲೂ ಅಲ್ಲೇ ಇರ್ಬೇಕು, ಅಷ್ಟೇ ವಿಷ್ಯ. ಹೆಂಗೆ ಅಂದ್ರೆ, ಮೊದ್ಲು ಕೂತ್ಕೊಂಡು ಸ್ಟ್ರಾಪ್ ಹಾಕ್ಕೊಳ್ಳಿ, ಕೂತಲ್ಲೇ ಸ್ಟ್ರಾಪ್ ಬಿಗಿಯಾಗೋವರೆಗೂ ಗಿಡ್ಡ ಮಾಡಿ, ಈಗ ಎದ್ದು ನಿಲ್ಲಿ. ಗಿಟಾರ್ ಎಲ್ಲಿತ್ತೋ ಅಲ್ಲೇ ಇರುತ್ತೆ. ಕನ್ನಡಿಲಿ ನೋಡಿದ್ರೆ ಎದೆ ಮೇಲೆ ಕೂಸನ್ನ ಕಟ್ಕೊಂಡಂಗೆ ಕಾಣುತ್ತೆ, ಕಾಣ್ಲಿ ಬಿಡಿ. ಬಕಲ್ ನಿಂತ ಜಾಗದಲ್ಲಿ ನಾನು ವೈಟ್ನರಲ್ಲಿ ಒಂದು ಗೆರೆ ಎಳ್ದಿದೀನಿ, ಸ್ಟ್ರಾಪ್ ಮೂರು ಬದ್ಲಾಗಿದೆ, ಗೆರೆ ಮಾತ್ರ ಅದೇ ಅಳತೆ. ಇವತ್ತಿಂದ ಶೋವರೆಗೆ ಅರ್ಧ ಟೈಮ್ ನಿಂತೇ ಪ್ರಾಕ್ಟೀಸ್ ಮಾಡಿ, ಅದೂ ಗೋಡೆ ನೋಡ್ಕೊಂಡು, ಫ್ರೆಟ್ ನೋಡ್ದೆ.

ನಿಂತ್ರೇನೇ ಪ್ರೊಫೆಷನಲ್ ಅನ್ನೋದಂತೂ ಶುದ್ಧ ಹುಚ್ಚುತನ. ಕಿಂಗ್ ಕ್ರಿಮ್ಸನ್ನಿನ ರಾಬರ್ಟ್ ಫ್ರಿಪ್ ರಾಕ್ ಬ್ಯಾಂಡಲ್ಲೇ ದಶಕಗಟ್ಲೆ ಸ್ಟೂಲ್ ಮೇಲೆ ಕೂತು ನುಡಿಸಿದೋರು. ಭಾರತೀಯ ಸಂಗೀತ, ಜಾಜ್ ಬೆರೆಸಿದ ಶಕ್ತಿ ತಂಡದಲ್ಲಿ ಗಿಟಾರಿಸ್ಟ್ ಜಾನ್ ಮೆಕ್‌ಲಾಫ್ಲಿನ್ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಿದ್ರು, ಪಕ್ಕದಲ್ಲಿ ಜಾಕಿರ್ ಹುಸೇನರ ತಬಲಾ. ಎಲೆಕ್ಟ್ರಿಕ್ ಗಿಟಾರಲ್ಲಿ ಕರ್ನಾಟಕ ಸಂಗೀತ ನುಡಿಸೋ ಪ್ರಸನ್ನ ಕೂಡ ಕಛೇರಿಲಿ ನೆಲದ ಮೇಲೇ. ಕ್ಲಾಸಿಕಲ್ ಗಿಟಾರಿನವ್ರು ಎಡಗಾಲಿನ ಕೆಳಗೆ ಪುಟ್ಟ ಮಣೆ ಇಟ್ಕೊಂಡು ಗಿಟಾರನ್ನ ಎಡತೊಡೆ ಮೇಲೆ ಕೂರಿಸ್ತಾರೆ, ನೆಕ್ಕು ಓರೆಯಾಗಿ ಮೇಲೇಳುತ್ತೆ, ಮಣಿಕಟ್ಟು ನೆಟ್ಟಗಿರುತ್ತೆ. 2015ರಲ್ಲಿ ಫೂ ಫೈಟರ್ಸ್ ರಾಕ್ ಬ್ಯಾಂಡಿನ ಡೇವ್ ಗ್ರೋಲ್ ಸ್ವೀಡನ್ನಿನ ಗೊಥೆನ್‌ಬರ್ಗಲ್ಲಿ ಸ್ಟೇಜಿಂದ ಬಿದ್ದು ಕಾಲು ಮುರ್ಕೊಂಡ, ಆಮೇಲೆ ಒಂದು ಸಿಂಹಾಸನ ಮಾಡಿಸ್ಕೊಂಡು ಅದ್ರ ಮೇಲೆ ಕೂತು ಶೋ ಮೇಲೆ ಶೋ ಕೊಟ್ಟ, ಯಾರೂ ದುಡ್ಡು ವಾಪಸ್ ಕೇಳ್ಲಿಲ್ಲ ಅನ್ಸುತ್ತೆ. ಇನ್ನೊಂದು ಕಡೆ ನಮ್ಮ ರಘು ದೀಕ್ಷಿತ್ ಅವ್ರನ್ನ ನೋಡಿ, ಲುಂಗಿ ಉಟ್ಟು ಕಾಲಿಗೆ ಗೆಜ್ಜೆ ಕಟ್ಟಿ ನುಡಿಸ್ತಾರೆ, ಅವ್ರು ಕೂತ್ಬಿಟ್ರೆ ಗೆಜ್ಜೆ ಸುಮ್ನಾಗುತ್ತೆ. ಅವ್ರಿಗೆ ನಿಲ್ಲಕ್ಕೆ ಕಾರಣ ಇದೆ. ನಿಮಗೆ ಫ್ರೆಂಡ್ಸ್ ಹೇಳಿದ್ದು ಬಿಟ್ರೆ ಇನ್ನೇನಾದ್ರೂ ಕಾರಣ ಇದ್ಯಾ?

ಕೂರ್ತೀನಿ ಅಂದ್ರೂ ಒಂದು ಗಂಡಾಂತರ ಇದೆ, ಅದನ್ನೂ ಅನುಭವಿಸಿದೀನಿ. ಗಣಪತಿ ಆದ್ಮೇಲೆ ನವೆಂಬರಲ್ಲಿ ಒಂದು ಭಾವಗೀತೆ ಕಾರ್ಯಕ್ರಮಕ್ಕೆ ಕರೆದ್ರು, ಈ ಸಲ ಕೂತೇ ನುಡಿಸ್ತೀನಿ ಅಂತ ಗಟ್ಟಿಯಾಗಿ ಹೇಳ್ದೆ. ಆಯ್ತು ಸಾರ್ ಅಂತ ಕುರ್ಚಿ ತಂದಿಟ್ರು. ಕೈ ಇರೋ ಪ್ಲಾಸ್ಟಿಕ್ ಕುರ್ಚಿ. ಶಾಮಿಯಾನದವ್ರ ಹತ್ರ ಇರೋದೇ ಅದು. ಎರಡು ಕೈ ಮಧ್ಯ ಗಿಟಾರಿನ ಹೊಟ್ಟೆ ಹಿಡಿಸಲ್ಲ, ಬಲಗಡೆ ಕುರ್ಚಿ ಕೈಗೆ ಟಕ್ ಅಂತ ತಾಗುತ್ತೆ, ತಾಗಿದಾಗೆಲ್ಲ ಪಿಕಪ್ಪಲ್ಲಿ (ಗಿಟಾರಿನ ಸೌಂಡನ್ನ ಸ್ಪೀಕರಿಗೆ ಕಳ್ಸೋ ಸಾಧನ) ಡಬ್ ಅಂತ ಸೌಂಡು. ಕುರ್ಚಿ ತುದೀಲಿ ಎರಡಿಂಚು ಜಾಗದಲ್ಲಿ ಕೂತೆ, ಬಸ್ ಬಂತು ಅಂತ ಏಳಕ್ಕೆ ರೆಡಿ ಇರೋನ ಥರ. ಅರ್ಧಕ್ಕೇ ತಬಲಾದವ್ರು ತಮ್ಮ ಪೆಟ್ಟಿಗೆ ನನ್ನ ಕಡೆ ತಳ್ಳಿದ್ರು, ಉಳಿದ ಹಾಡೆಲ್ಲ ಅದ್ರ ಮೇಲೆ ಕೂತು ನುಡಿಸ್ದೆ. ಅವತ್ತು ಎಫ್ ಮೈನರೂ ಬಂತು.

ಹಂಗಾಗಿ ಕೆಫೆಯವ್ರಿಗೆ ಇವತ್ತೇ ಫೋನ್ ಮಾಡಿ, ಕೈ ಇಲ್ಲದ ಗಟ್ಟಿ ಕುರ್ಚಿ ಇದ್ಯಾ ಕೇಳಿ, ಬಾರ್ ಸ್ಟೂಲ್ ಕೊಡ್ತೀವಿ ಅಂದ್ರೆ ಬೇಡ ಅನ್ನಿ, ಕಾಲು ಗಾಳೀಲಿ ನೇತಾಡಿದ್ರೆ ತೊಡೆ ಇಳಿಜಾರಾಗಿ ಗಿಟಾರ್ ಜಾರುತ್ತೆ. ತೊಡೆ ಸಮ ಇರ್ಬೇಕು, ಪಾದ ನೆಲಕ್ಕೆ ತಾಗ್ಬೇಕು. ಕೂತ್ರೂ ಸ್ಟ್ರಾಪ್ ಹಾಕ್ಕೊಂಡೇ ಇರಿ. ನಿಮ್ಮ ಜಾಗದಲ್ಲಿ ನಾನಿದ್ರೆ, ಮೊದಲನೇ ಶೋ, ಹಾಡ್ತಾ ಬೇರೆ ನುಡಿಸ್ಬೇಕು, ಯೋಚ್ನೆನೇ ಮಾಡಲ್ಲ, ಕೂರ್ತೀನಿ. ಕೆಫೆಲಿ ಜನ ಕೂತಿರ್ತಾರೆ, ನೀವೂ ಕೂತ್ರೆ ಕಣ್ಣಿಗೆ ಕಣ್ಣು ಸಿಗುತ್ತೆ. ಸ್ಟೇಜೇ ಇಲ್ದೆ ನೆಲದಲ್ಲೇ ನುಡಿಸೋದಾಗಿದ್ದು ಹಿಂದಿನ ಟೇಬಲ್‌ನವ್ರಿಗೆ ಕಾಣಲ್ಲ ಅಂದ್ರೆ ಮಾತ್ರ ನಿಲ್ಲಿ, ಆದ್ರೆ ಒಂದು ತಿಂಗಳು ನಿಂತು ಪ್ರಾಕ್ಟೀಸ್ ಮಾಡಿದ್ರೆ ಮಾತ್ರ. ಕ್ಯಾಪೋ ಜೇಬಲ್ಲಿರ್ಲಿ.

ಆಮೇಲೆ ಗಿಟಾರಿಗೆ ಎರಡನೇ ಸ್ಟ್ರಾಪ್ ಬಟನ್ ಬೇಕು ಅನ್ಸಿದ್ರೆ ರಿಪೇರಿಯವ್ರ ಹತ್ರ ಹಾಕ್ಸಿ. ಮನೇಲಿ ಡ್ರಿಲ್ ತಗೊಂಡು ನೀವೇ ತೂತು ಕೊರೆಯಕ್ಕೆ ಹೋಗ್ಬೇಡಿ. ಅದು 2010ರ ಕತೆ, ಯಾರಾದ್ರೂ ಕೇಳಿದ್ರೆ ಬರೀತೀನಿ.