ಮೇ ತಿಂಗಳಲ್ಲಿ ಕ್ಯಾಸ್ಪಿಯನ್ ಸಮುದ್ರದಲ್ಲಿ ಈಜಬಹುದಾ?

ಮೇ ಎರಡನೇ ವಾರ ಮನೆಯವರ ಜೊತೆ ಕ್ಯಾಸ್ಪಿಯನ್ ದಡದಲ್ಲಿರುವ ಅಜರ್‌ಬೈಜಾನ್ ರಾಜಧಾನಿ ಬಾಕುಗೆ ಹೊರಟಿದ್ದೀರಿ, ಎಂಟು ವರ್ಷದ ಮಗ ಸಮುದ್ರದಲ್ಲಿ ಈಜಲೇಬೇಕು ಅಂತ ಹಟ ಹಿಡಿದಿದ್ದಾನೆ, ನೀರು ಹೇಗಿರುತ್ತದೆ ಅಂತ ಕೇಳಿದ್ದೀರಿ. ನೇರವಾಗಿ ಹೇಳುತ್ತೇನೆ: ಕಾಲು ನೆನೆಸಬಹುದು, ಈಜಲಿಕ್ಕೆ ಆಗುವುದಿಲ್ಲ. ಈಜುವುದೇ ಮುಖ್ಯವಾದರೆ ಸೆಪ್ಟೆಂಬರ್‌ನಲ್ಲಿ ಹೋಗಿ.

ನಾನು ಉಡುಪಿ ಕಡೆಯವನು. ಕೆಲಸದ ಮೇಲೆ ನಾಲ್ಕು ವರ್ಷ ಬಾಕುವಿನಲ್ಲಿದ್ದೆ. ಮಲ್ಪೆಯಲ್ಲಿ ಈಜು ಕಲಿತವನಿಗೆ ಸಮುದ್ರದ ನೀರು ತಣ್ಣಗಿರಬಹುದು ಅನ್ನುವ ಯೋಚನೆಯೇ ಬರುವುದಿಲ್ಲ. ನಮ್ಮ ಕಡಲು ಹೆಚ್ಚುಕಡಿಮೆ ವರ್ಷವಿಡೀ 27ರಿಂದ 30 ಡಿಗ್ರಿ. ಮಳೆಗಾಲದಲ್ಲಿ ನಾವು ನೀರಿಗೆ ಇಳಿಯದಿರುವುದು ಅಲೆಗೆ ಹೆದರಿ, ಚಳಿಗಲ್ಲ. ಮೊದಲ ವರ್ಷ ಮೇ ತಿಂಗಳ ಒಂದು ಭಾನುವಾರ ಒಳ್ಳೆ ಬಿಸಿಲಿತ್ತು. ಬಿಲ್ಗಾ ಬೀಚಿಗೆ ಹೋದವನೇ ಓಡಿ ಹೋಗಿ ಮುಳುಗು ಹಾಕಿದೆ. ಉಸಿರು ಕಟ್ಟಿಬಿಟ್ಟಿತು! ಮೇಲೆ ಬಂದು ಹಲ್ಲು ಕಟಕಟ ಅನ್ನುತ್ತ ಕೂತಾಗ, ಪಕ್ಕದಲ್ಲಿ ಕೋಟು ಹಾಕಿಕೊಂಡು ಚಹಾ ಕುಡಿಯುತ್ತಿದ್ದ ಅಜ್ಜ ಒಬ್ಬರು ಏನೂ ಮಾತಾಡದೆ ಒಂದು ಲೋಟ ನನ್ನ ಕಡೆ ತಳ್ಳಿದರು. ಆ ದಡದಲ್ಲಿ ಒದ್ದೆಯಾಗಿದ್ದವನು ನಾನೊಬ್ಬನೇ ಅಂತ ಆಮೇಲೆ ಗೊತ್ತಾಯಿತು.

ಇಲ್ಲಿ ಗಾಳಿ ಬೇಗ ಬಿಸಿಯಾಗುತ್ತದೆ, ನೀರು ನಿಧಾನ. ಮೇ ತಿಂಗಳಲ್ಲಿ ಬಾಕು ಆಸುಪಾಸಿನ ನೀರು 15ರಿಂದ 17 ಡಿಗ್ರಿ ಇರುತ್ತದೆ, ಅಷ್ಟೇ. ಜೂನ್ ಹೊತ್ತಿಗೆ 21-22. ಜುಲೈ, ಆಗಸ್ಟ್‌ನಲ್ಲಿ 25-26, ಒಮ್ಮೊಮ್ಮೆ ಇನ್ನೂ ಜಾಸ್ತಿ. ಅಲ್ಲಿಂದ ಇಳಿಯುವಾಗಲೂ ಅದೇ ನಿಧಾನ, ನಮಗೆ ಲಾಭ ಆಗುವುದು ಅಲ್ಲೇ. ಸೆಪ್ಟೆಂಬರ್‌ನಲ್ಲಿ ಬಿಸಿಲು ತಗ್ಗಿ, ಜನ ಕಡಿಮೆಯಾಗಿ, ನೀರು ಮಾತ್ರ 23ರ ಸುತ್ತ ಇರುತ್ತದೆ. ದಸರಾ ರಜೆ ಬೇಗ ಬಂದ ವರ್ಷವಾದರೆ ನಿಮಗೆ ಅದೃಷ್ಟ. ಅಕ್ಟೋಬರ್ ಮಧ್ಯ ದಾಟಿದರೆ ಮತ್ತೆ ನಡುಕ. ಫೆಬ್ರವರಿಯಲ್ಲಿ 6-7 ಡಿಗ್ರಿ, ಅದರ ಮಾತೇ ಬೇಡ.

ಇದು ಬಾಕುವಿನ ಲೆಕ್ಕ. ಉತ್ತರದಿಂದ ದಕ್ಷಿಣಕ್ಕೆ ಸುಮಾರು 1,200 ಕಿಲೋಮೀಟರ್ ಉದ್ದದ ಸಮುದ್ರ ಇದು, ಎಲ್ಲ ಕಡೆ ಒಂದೇ ತರ ಇರಲು ಸಾಧ್ಯವೇ ಇಲ್ಲ. ವೋಲ್ಗಾ ನದಿ ಬಂದು ಸೇರುವ ಉತ್ತರದ ಭಾಗದ ಸರಾಸರಿ ಆಳ ಐದಾರು ಮೀಟರ್, ಅಷ್ಟೇ. ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ, ಕ್ಯಾಸ್ಪಿಯನ್ ಸೀಲ್ ಎಂಬ ಕಡಲ ಪ್ರಾಣಿಗಳು ಆ ಮಂಜುಗಡ್ಡೆಯ ಮೇಲೆ ಮರಿ ಹಾಕುತ್ತವೆ. ದಕ್ಷಿಣದಲ್ಲಿ ಸಾವಿರ ಮೀಟರ್ ದಾಟುವ ಆಳ ಇದೆ, ಇರಾನಿನ ದಡದಲ್ಲಿ ಚಳಿಗಾಲದಲ್ಲೂ ನೀರು 8-10 ಡಿಗ್ರಿಗಿಂತ ಅಷ್ಟಾಗಿ ಕೆಳಗೆ ಹೋಗುವುದಿಲ್ಲ. ತಮಾಷೆ ಅಂದರೆ ಪೂರ್ವ ದಡದಲ್ಲಿರುವ ಕಜಕಸ್ತಾನದ ಅಕ್ತಾವ್ ನಗರ. ಸುಡುವ ಜುಲೈನಲ್ಲೂ ಅಲ್ಲಿ ನೀರು ಇದ್ದಕ್ಕಿದ್ದಂತೆ ಕೊರೆಯುವಷ್ಟು ತಣ್ಣಗಾಗುತ್ತದೆ. ಗಾಳಿ ಮೇಲಿನ ಬಿಸಿ ನೀರನ್ನು ದಡದಿಂದ ಆಚೆ ತಳ್ಳಿದಾಗ ಅಡಿಯ ತಣ್ಣೀರು ಮೇಲೆ ಬರುತ್ತದೆ.

ಗಾಳಿಯ ವಿಷಯ ಬಂತಲ್ಲ, ನಿಮ್ಮ ಮಗನ ದೃಷ್ಟಿಯಿಂದ ಡಿಗ್ರಿಗಿಂತ ಅದೇ ಮುಖ್ಯ. ಬಾಕುವಿನಲ್ಲಿ ಎರಡು ಗಾಳಿ. ಉತ್ತರದಿಂದ ಬರುವ ಖಝ್ರಿ, ತಣ್ಣಗೆ, ಜೋರಾಗಿ. ದಕ್ಷಿಣದ ಗಿಲವಾರ್, ಬೆಚ್ಚಗೆ. ಬಿಲ್ಗಾ, ನೊವ್‌ಖಾನಿ ಬೀಚುಗಳು ಉತ್ತರಕ್ಕೆ ಮುಖ ಮಾಡಿವೆ. ಖಝ್ರಿ ಬೀಸಿದ ದಿನ ಅಲ್ಲಿ ಅಲೆ ನೋಡಿಯೇ ಜನ ಹಿಂದೆ ಸರಿಯುತ್ತಾರೆ. ಮೋಸ ಮಾಡುವುದು ಗಿಲವಾರ್. ನೀರು ಕೆರೆಯಂತೆ ಸುಮ್ನೆ ಇರುತ್ತದೆ, ಗಾಳಿ ಮಾತ್ರ ದಡದಿಂದ ಆಚೆಗೆ. ಒಮ್ಮೆ ನಮ್ಮ ಜೊತೆ ಬಂದವರ ಖಾಲಿ ಟ್ಯೂಬ್ ನೋಡನೋಡುತ್ತಿದ್ದಂತೆ ತೇಲಿಹೋಯಿತು. ಹಿಡಿಯಲು ಹೊರಟ ನಾನು ಅರ್ಧಕ್ಕೇ ವಾಪಸ್ ಬಂದೆ. ಅದರಲ್ಲಿ ಮಗು ಇದ್ದಿದ್ದರೆ? ಹಾಗಾಗಿ ಗಾಳಿ ತುಂಬುವ ಆಟಿಕೆ ಒಯ್ಯಲೇಬೇಡಿ.

ನಮ್ಮ ಕಡಲಿನ ಉಬ್ಬರ-ಇಳಿತ ಇಲ್ಲಿ ಇಲ್ಲವೆಂದೇ ಹೇಳಬೇಕು. ಉಪ್ಪು ಕೂಡ ಸಾಗರದ ಮೂರನೇ ಒಂದು ಪಾಲು, ಬಾಯಿಗೆ ಹೋದರೆ ಉಪ್ಪು ಜಾಸ್ತಿಯಾದ ಸಾರಿನ ಹಾಗೆ. ಕಣ್ಣು ಅಷ್ಟೊಂದು ಉರಿಯುವುದಿಲ್ಲ. ಹಾಗೆಯೇ ನೀರು ನಿಮ್ಮನ್ನು ಮಲ್ಪೆಯಷ್ಟು ಎತ್ತಿ ಹಿಡಿಯುವುದೂ ಇಲ್ಲ. ವರ್ಷದಿಂದ ವರ್ಷಕ್ಕೆ ಸಮುದ್ರ ಹಿಂದೆ ಸರಿಯುತ್ತಿದೆ. ಹಳೆಯ ಫೋಟೋ ನೋಡಿ ಹೋದರೆ ದಡ ಅಗಲವಾಗಿ ಕಾಣಬಹುದು.

ನಗರದ ಮಧ್ಯೆ ಕಡಲಂಚಿನಲ್ಲಿ ಜನ ಅಡ್ಡಾಡುವ ಬುಲ್ವಾರ್ ಹತ್ತಿರ ಮಾತ್ರ ನೀರಿಗೆ ಇಳಿಯಬೇಡಿ. ನೂರು ವರ್ಷಕ್ಕೂ ಮೀರಿದ ಕಚ್ಚಾ ತೈಲದ ಕೆಲಸದ ಕೊಳೆ ಆ ಕೊಲ್ಲಿಯಲ್ಲಿದೆ, ಕೆಲವು ದಿನ ನೀರಿನ ಮೇಲೆ ಬಣ್ಣಬಣ್ಣದ ಪೊರೆ ಕಾಣಿಸುತ್ತದೆ. ಇನ್ನು, ಕಲ್ಲಿನ ಸಂದಿಯಲ್ಲಿ ನೀರು ಹಾವು ಕಂಡರೆ ಕಿರುಚಬೇಡಿ. ನಮ್ಮ ಕೆರೆಯ ಒಳ್ಳೆ ಹಾವಿನ ನೆಂಟ ಅದು, ವಿಷ ಇಲ್ಲ.

ಟಿಕೆಟ್ ಆಗಿಹೋಗಿದ್ದರೆ ಈಜುಕೊಳ ಇರುವ ಹೋಟೆಲ್ ಹಿಡಿಯಿರಿ, ಆ ಕೊಳದ ನೀರು ಬಿಸಿ ಮಾಡಿದ್ದಾ ಅಂತ ಮೊದಲೇ ಕೇಳಿ. ಸಂಜೆ ಬುಲ್ವಾರ್‌ನಲ್ಲಿ ದೋಣಿ ಹತ್ತಿಸಿದರೆ ಮಗನಿಗೂ ಸಮಾಧಾನ. ಅವನಿಗೊಂದು ಸ್ವೆಟರ್ ಇಟ್ಟುಕೊಳ್ಳಿ.